ಹೊನ್ನಾವರಕ್ಕೆ ಒಯ್ದ ಮುಚ್ಚಳ

ಆ ಶನಿವಾರ ಬೆಳಿಗ್ಗೆ ಬಾವಿಯಿಂದ ಎಂಟು ಕೊಡ ನೀರು ಸೇದಿದೆ. ಹೆಣ್ಣುಮಕ್ಕಳಿಬ್ಬರಿಗೂ ಜಡೆ ಹಾಕಿ ಶಾಲೆಗೆ ಕಳಿಸಿದೆ. ದೋಸೆಗೆ ಅಕ್ಕಿ ನೆನೆಹಾಕಿದೆ. ಅತ್ತೆಯ ಮಂಡಿಗೆ ಎಣ್ಣೆ ತಿಕ್ಕಿದೆ. ನಂದಿಬಟ್ಟಲು ಹೂ ಕೊಯ್ದು ತಣ್ಣೀರಲ್ಲಿ ಅದ್ದಿ ನಮ್ಮ ಮನೆಯವರ ಮುಚ್ಚಿದ ಕಣ್ಣುಗಳ ಮೇಲಿಟ್ಟೆ. ಅವರು ಎದ್ದು ಹೋದಮೇಲೆ ಜಗುಲಿ ಗುಡಿಸಿ, ಗಂಧದ ಚಕ್ಕೆಯನ್ನೂ ಪುಡಿಯನ್ನೂ ಜರಡಿಯಲ್ಲಿ ಬೇರೆ ಮಾಡಿ ಡಬ್ಬಿಗೆ ತುಂಬಿದೆ. ಚಕ್ಕೆ ಒಂದು ಹಿಡಿಯೂ ಇರಲಿಲ್ಲ. ಹಿಂದಿನ ದಿನ ಅವರು ಬೆಳಗಿನಿಂದ ಸಂಜೆಯ ತನಕ ಉಳಿ ಹಿಡಿದು ಕೂತಿದ್ದರು.

ಸಾಗರದಲ್ಲಿ ನಮ್ಮದು ಗಂಧದ ಕೆತ್ತನೆಯ ಮನೆ. ಮಾವನವರ ಕಾಲದಿಂದ ಬಂದ ಕೆಲಸ. ಲಿಂಗನಮಕ್ಕಿ ಅಣೆಕಟ್ಟಿನಲ್ಲಿ ನೀರು ನಿಂತ ಮರುವರ್ಷ ಅದು. ತೀರ್ಥಹಳ್ಳಿ ಕಡೆಯ ಒಬ್ಬರು ಮಗಳ ಮದುವೆಗೆಂದು ಒಡವೆ ಪೆಟ್ಟಿಗೆ ಹೇಳಿಹೋಗಿದ್ದರು. ಮುಚ್ಚಳದ ಮೇಲೆ ಗಜಲಕ್ಷ್ಮಿ, ಎರಡೂ ಪಕ್ಕ ಕೊಡ ಎತ್ತಿದ ಆನೆ. ಮದುವೆ ವೈಶಾಖಕ್ಕೆ.

ಮರಕ್ಕೆ ಶೇಡಿ ಬಳಿಯುವುದು ನನ್ನ ಪಾಲಿನ ಕೆಲಸ. ಗೋಡೆಗೆ ಚಿತ್ತಾರ ಬರೆಯುವ ಅದೇ ಬಿಳಿ ಮಣ್ಣು. ಅಂಟಿನಲ್ಲಿ ಕಲಸಿ ತೆಳ್ಳಗೆ ಬಳಿದರೆ ಹಲಗೆ ಕಾಗದದ ಹಾಗೆ ಬೆಳ್ಳಗಾಗುತ್ತದೆ. ಅದರ ಮೇಲೆ ಪೆನ್ಸಿಲಿನಲ್ಲಿ ಗೆರೆ ಎಳೆದು, ಗೆರೆ ಹಿಡಿದು ಕೆತ್ತುತ್ತಾರೆ. ಮೊದಲೆಲ್ಲ ಒಂದು ಕೈ ಬಳಿದರೆ ಮುಗಿಯಿತು. ಆ ವರ್ಷ ಅವರು, “ಇನ್ನೊಂದು ಕೈ ಬಳಿಯೇ, ಗೆರೆ ಎದ್ದು ಕಾಣಲ್ಲ” ಎನ್ನತೊಡಗಿದರು. ಎರಡು ಕೈ ಆಯಿತು, ಮೂರಾಯಿತು. ಕಣ್ಣು ಹೋಗುತ್ತಿದೆ ಎಂದು ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ.

ಆ ಶನಿವಾರಕ್ಕೆ ಹದಿನೈದು ದಿನ ಹಿಂದೆ, ಅರ್ಧ ಕೆತ್ತಿದ ಮುಚ್ಚಳಕ್ಕೆ ಹಾಗೆ ಇನ್ನೊಂದು ಕೈ ಬಳಿಯುವಾಗ ನೋಡಿದೆ: ಎಡಗಡೆಯ ಆನೆಯ ಸೊಂಡಿಲಿಗೆ ಅಡ್ಡವಾಗಿ ಉಳಿ ಹೊಕ್ಕಿತ್ತು. ಉಗುರು ಇಳಿಯುವಷ್ಟು ಆಳ. ಅವರಿಗೆ ಗೊತ್ತೇ ಆಗಿರಲಿಲ್ಲ. ಹೇಳಬೇಕಿತ್ತು. ಹೇಳಿದರೆ ಸೊಂಡಿಲಿನ ಮಾತು ಸೊಂಡಿಲಿಗೇ ನಿಲ್ಲುವುದಿಲ್ಲ ಅನ್ನಿಸಿತು. ಕಿರುಬೆರಳಿನಿಂದ ಶೇಡಿ ತುಂಬಿ, ಒತ್ತಿ, ನಯಮಾಡಿ ಇಟ್ಟೆ. ಅವರು ಹೆಬ್ಬೆರಳು ಆಡಿಸಿ ನೋಡಿ, “ಚೆನ್ನಾಗಿ ಬಂದಿದೆ” ಅಂದರು. ಮರವನ್ನು ಅವರು ಯಾವತ್ತೂ ಹೆಬ್ಬೆರಳಿನಿಂದಲೇ ನಂಬುವವರು.

ಆ ಶನಿವಾರ ಹತ್ತು ಗಂಟೆಯ ಹೊತ್ತಿಗೆ ಅಡಿಗೆಮನೆ ಬಾಗಿಲಿಗೆ ಬಂದು ನಿಂತರು.

“ಹೊರಡು. ಹೊನ್ನಾವರಕ್ಕೆ ಹೋಗಿ ಸಮುದ್ರ ನೋಡ್ಕಂಡು ಬರಾಣ. ನಾಳೆ ಸಂಜೆಗೆ ವಾಪಸ್.”

ಮದುವೆಯಾಗಿ ಹದಿನೆಂಟು ವರ್ಷದಲ್ಲಿ ನಾವು ಸುಮ್ಮನೆ ನೋಡಿ ಬರಲೆಂದು ಎಲ್ಲಿಗೂ ಹೋದವರಲ್ಲ. ವರದಮೂಲಕ್ಕೆ ಹೋದದ್ದೂ ಹರಕೆಗೆ.

ಅತ್ತೆ ಒಳಗಿನಿಂದಲೇ ಅಂದರು: “ಸಮುದ್ರ ಎಲ್ಲಿಗೂ ಓಡಿಹೋಗಲ್ಲ ಕಣೋ. ಪೆಟ್ಟಿಗೆ ಕೊಡೋ ದಿನ ಓಡಿ ಬರ್ತಾ ಇದೆ.”

“ಒಂದು ದಿನ ಅಮ್ಮ. ಅಕ್ಕನ್ನೂ ನೋಡ್ದಂಗಾಗ್ತದೆ.”

“ಅಕ್ಕನ ಮೇಲೆ ಪ್ರೀತಿ ಇವತ್ತೇ ಉಕ್ಕಿತಾ? ಹೋಗಿ ಹೋಗಿ. ದೋಸೆ ನಾನೇ ರುಬ್ತೀನಿ, ಸೊಂಟ ಮುರಿದ್ರೆ ಮುರೀಲಿ.”

ಬಸ್ಸಿನಲ್ಲಿ ಅವರು ಬಟ್ಟೆಯ ಚೀಲವನ್ನು ನನ್ನ ಕೈಗೆ ಕೊಡಲಿಲ್ಲ, ತೊಡೆಯ ಮೇಲೆ ಇಟ್ಟುಕೊಂಡರು. ತಾಳಗುಪ್ಪ ದಾಟಿದ ಮೇಲೆ ಬಿಸಿಲು ಏರಿತು, ಚೀಲದಿಂದ ಗಂಧದ ವಾಸನೆ ಬಂತು. ಮುಚ್ಚಳ ಅದರೊಳಗಿದೆ ಎಂದು ತಿಳಿಯಿತು. ಸಮುದ್ರ ಬರಿಯ ನೆಪ. ಗೇರುಸೊಪ್ಪೆಯ ಘಾಟಿಯ ಒಂದೊಂದು ತಿರುವಿನಲ್ಲೂ ನಿಂಬೆಹಣ್ಣು ಮೂಸುತ್ತ ಕೂತೆ. “ಆ ಮುಚ್ಚಳದಲ್ಲಿ ಒಂದು ತಪ್ಪಾಗಿದೆ” ಎಂದು ಹೇಳಲು ಘಾಟಿ ಇಳಿದು ಮುಗಿಯುವ ತನಕ ಸಮಯ ಇತ್ತು.

ಅವರ ಅಕ್ಕ, ನನಗೆ ಅತ್ತಿಗೆ, ಹೊನ್ನಾವರದಲ್ಲಿದ್ದರು. ಅತ್ತಿಗೆಯ ಗಂಡನೂ ಕೆತ್ತನೆಯವರೇ, ನಮ್ಮ ಮಾವನವರ ಕೈಕೆಳಗೆ ಉಳಿ ಹಿಡಿಯಲು ಕಲಿತವರು. ಅವರನ್ನು ನಾನು ಅಣ್ಣ ಎನ್ನುತ್ತಿದ್ದೆ. ನಾವು ಮುಟ್ಟಿದಾಗ ಅಂಗಳದಲ್ಲಿ ಇನ್ನೂ ಬಿಸಿಲಿತ್ತು.

“ಅಯ್ಯೋ, ಇದೆಂತ! ಕಾಗದ ಇಲ್ಲ, ಪತ್ರ ಇಲ್ಲ!” ಅತ್ತಿಗೆ ಕೈ ಒರೆಸುತ್ತ ಹೊರಗೆ ಬಂದರು. “ಸಮುದ್ರ ನೋಡೂಕೆ ಬಂದ್ರಾ? ನಾನು ಇಲ್ಲೇ ಇದ್ದು ನೋಡಿ ಎರಡು ವರ್ಷ ಆಯ್ತು ಮಾರಾಯ್ತಿ.”

ಕಾಲು ತೊಳೆದು ಬೆಲ್ಲ ನೀರು ಕುಡಿದದ್ದೇ ತಡ, ಇವರು ಚೀಲ ಬಿಚ್ಚಿದರು.

“ಕಣ್ಣೊಂದು ಬಿಡಿಸಿಕೊಡು ಭಾವ. ದೇವೀದು, ಆನೇದು. ಉಳಿದದ್ದೆಲ್ಲ ಆಗಿದೆ. ಸಣ್ಣ ಕೆಲಸಕ್ಕೆ ಈಗೀಗ ಕೈ ನಡುಗ್ತದೆ.”

“ನಿನ್ನ ಕೈಯಾ? ನಡುಗ್ತದಾ?”

“ವಯಸ್ಸಾಯ್ತಲ್ಲ.”

“ನನಗಿಂತ ಆರು ವರ್ಷ ಸಣ್ಣವ ನೀನು. ಹಂಗಾದ್ರೆ ನನ್ನ ಕೈ ಇಷ್ಟೊತ್ತಿಗೆ ಉದುರಿ ಬೀಳಬೇಕಿತ್ತು.” ಅಣ್ಣ ನಗುತ್ತಲೇ ಮುಚ್ಚಳವನ್ನು ಅಂಗಳದ ಬೆಳಕಿಗೆ ಒಯ್ದರು. ಮಾಡಿದ ಕೆಲಸ ನೋಡಬೇಕಾದರೆ ಶೇಡಿ ತೆಗೆಯಬೇಕು. ಒದ್ದೆ ಬಟ್ಟೆ ಹಿಂಡಿ ಒರೆಸತೊಡಗಿದರು. ಬಿಳಿ ನೀರು ಅವರ ಮೊಣಕೈ ತನಕ ಇಳಿಯಿತು. ದೇವಿಯ ಮುಖ ಬಂತು, ಕಮಲ ಬಂತು, ಬಲಗಡೆಯ ಆನೆ ಬಂತು. ಎಡಕ್ಕೆ ಬಂದಾಗ ಬಟ್ಟೆ ನಿಂತಿತು. ಇನ್ನೊಮ್ಮೆ ಒರೆಸಿದರು. ಸಣ್ಣ ಉಳಿಯ ತುದಿಯಿಂದ ತುಂಬಿದ ಮಣ್ಣನ್ನು ಕೆದಕಿ ತೆಗೆದರು. ಆಮೇಲೆ ತಲೆ ಎತ್ತಿ ಇವರನ್ನು ನೋಡಲಿಲ್ಲ, ನನ್ನನ್ನು ನೋಡಿದರು. ನಾನು ನೆಲ ನೋಡಿದೆ.

ನಮ್ಮವರಲ್ಲಿ ಒಂದು ಪದ್ಧತಿ ಇದೆ. ಕೆಟ್ಟ ಕೆಲಸವನ್ನು ಕೆಟ್ಟಿತೆಂದು ಬಾಯಲ್ಲಿ ಹೇಳುವುದಿಲ್ಲ. ಮುಖ ಕೆಳಗೆ ಮಾಡಿ ಹಲಗೆಯ ಮೇಲೆ ಇಟ್ಟುಬಿಡುತ್ತಾರೆ. ಮಾವನವರು ಹಾಗೆ ಇಟ್ಟ ದಿನ ಆಗ ಹುಡುಗರಾಗಿದ್ದ ಇವರೂ ಅಣ್ಣನೂ ಊಟ ಮಾಡುತ್ತಿರಲಿಲ್ಲವಂತೆ. ಅಣ್ಣ ಮುಚ್ಚಳ ಮಗುಚಿ ಇಟ್ಟರು. ಎಷ್ಟೋ ಮೆಲ್ಲಗೆ ಇಟ್ಟರು. ಆದರೂ ಉಬ್ಬುಗೆತ್ತನೆ ಹಲಗೆಗೆ ತಾಗಿದ ಸದ್ದೇ ಬೇರೆ.

ಜಗುಲಿಯಲ್ಲಿ ಕೂತಿದ್ದ ಇವರು ಕೇಳಿದರು: “ಬೋರಲು ಇಟ್ಯಾ ಭಾವ?”

ಅತ್ತಿಗೆ ಒಳಗೆ ಹೋಗಿ ಒಲೆ ಊದತೊಡಗಿದರು.

“ಎಲ್ಲಿ?”

“ಎಡಗಡೆ ಸೊಂಡಿಲು,” ಅಣ್ಣ ಅಂದರು. “ನಾಳೆ ಮಾತಾಡಾಣ. ಬೆಳಕಿರೋವಾಗ ಹೋಗಿ ಸಮುದ್ರ ನೋಡಿ ಬನ್ನಿ.”

ಹೋದೆವು. ಅವರು ನನ್ನ ಹೆಗಲು ಹಿಡಿದು ನಡೆದರು. ಹಾಗೆ ಬೀದಿಯಲ್ಲಿ ಹಿಡಿದದ್ದು ಅದೇ ಮೊದಲು. ಮರಳಿನ ಮೇಲೆ ಒಣಗಲು ಹಾಕಿದ ಬಲೆಗೆ ಕಾಲು ಸಿಕ್ಕಿ ಮುಗ್ಗರಿಸಿದರು. ಒಬ್ಬ ಹೆಂಗಸು, “ಹಗಲಲ್ಲೇ ಹಿಂಗಾದ್ರೆ ಹೆಂಗೆ ಒಡೆಯಾ?” ಎಂದು ನಕ್ಕಳು. ಕುಡಿದಿದ್ದಾರೆ ಎಂದುಕೊಂಡಿರಬೇಕು.

ನೀರು ಕಾಲಿಗೆ ತಾಗುವಲ್ಲಿ ನಿಂತರು.

“ಶೇಡಿ ಬಳಿಯೋವಾಗ ನೀನು ನೋಡಿರಬೇಕು.”

“ನೋಡಿದ್ದೆ.”

“ಯಾವತ್ತು?”

“ಹದಿನೈದು ದಿನ ಆಯ್ತು.”

ಬೈಗುಳದ ದನಿಯಿಲ್ಲದೆ ಹೇಳಿದರು: “ಅವತ್ತೇ ಹೇಳಿದ್ರೆ ಉಳೀತಿತ್ತು ಕಣೆ. ಆಗ ಸುತ್ತ ಮರ ಇತ್ತು, ಸೊಂಡಿಲು ಸ್ವಲ್ಪ ಒಳಗೆ ಎಳಕಂಡಿದ್ರೆ ಆಗ್ತಿತ್ತು. ಆಮೇಲೆ ನಾನು ಸುತ್ತ ಎಲ್ಲ ಬಗೆದು ಹಾಕಿದೆ. ಈಗ ಯಾರಿಂದಲೂ ಆಗಲ್ಲ.”

ಈ ಲೆಕ್ಕ ನನಗೆ ಹೊಳೆದೇ ಇರಲಿಲ್ಲ. ಹದಿನೆಂಟು ವರ್ಷ ಆ ಜಗುಲಿ ಗುಡಿಸಿದವಳಿಗೆ ಹೊಳೆಯಬೇಕಿತ್ತು. ಅವರ ಮಾನ ಮುಚ್ಚುತ್ತಿದ್ದೇನೆ ಎಂದುಕೊಂಡೇ ನಾನು ಆ ಮರ ಕೆಡಿಸಿದ್ದೆ.

“ದೋಣಿ ಎಷ್ಟಿವೆ?” ಅಂತ ಕೇಳಿದರು.

“ಆರು.”

“ನಂಗೆ ಒಂದೂ ಇಲ್ಲ. ಬೆಳ್ಳಗಿದೆ ಅಷ್ಟೆ. ನೀನು ಮೂರು ಕೈ ಶೇಡಿ ಬಳಿದಂಗೆ.” ನಗಲು ನೋಡಿದರು. “ಪೆಟ್ಟಿಗೆ ಭಾವನೇ ಮಾಡ್ಲಿ. ಅವನ ಮರ, ಅವನ ಕೈ. ಆ ಮನೆಯವರಿಗೆ ನಾನೇ ಹೋಗಿ ಹೇಳ್ತೀನಿ, ನನ್ನ ಕೈಲಿ ಆಗಲ್ಲ ಅಂತ. ಕೈ ಅಂತ ಅಲ್ಲ. ಕಣ್ಣು ಅಂತಲೇ ಹೇಳ್ತೀನಿ.”

ಆ ಮಾತನ್ನು ಅವರು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ನಾನು ಸೆರಗಿನಿಂದ ಅವರ ಕಾಲಿನ ಮರಳು ಒರೆಸಿದೆ. ಕತ್ತಲಾಗುವ ಮೊದಲು ಮನೆ ಸೇರಿದೆವು.

ಊಟಕ್ಕೆ ಕುಚ್ಚಲಕ್ಕಿ ಅನ್ನ, ಬಸಳೆ ಹುಳಿ, ಸುಟ್ಟ ಹಪ್ಪಳ, ಮಜ್ಜಿಗೆ. ಹಪ್ಪಳ ಎಲ್ಲಿದೆ ಎಂದು ಅವರು ಕೇಳಿದರು. ಅತ್ತಿಗೆ ಎಡಕ್ಕಿದೆ ಎಂದು ಹೇಳಿ, ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದರು. ಇವರು ಎರಡು ಸಲ ಅನ್ನ ಹಾಕಿಸಿಕೊಂಡರು. ನಾನು ಊಟ ಮಾಡಲಿಲ್ಲ, ಮಜ್ಜಿಗೆ ಕುಡಿದೆದ್ದೆ. ಚಾಪೆ ಹಾಸಿದ ಕೂಡಲೇ ಮೊದಲು ನಿದ್ದೆ ಹೋದವರು ಅವರೇ. ಎಷ್ಟೋ ತಿಂಗಳಿಂದ ಹೊರಳಾಡುತ್ತಿದ್ದವರು ಮಗ್ಗುಲು ಬದಲಿಸದೆ ಮಲಗಿದರು. ಆಮೇಲೆ ಅಣ್ಣ, ಆಮೇಲೆ ಅತ್ತಿಗೆ. ನನಗೆ ನಿದ್ದೆ ಬರಲಿಲ್ಲ.