ಅಪ್ಪನ ಬೈಕಿಗೆ ಕಟ್ಟಿದ ಸೈಲೆನ್ಸರ್

ಪಾಲಿಬೆಟ್ಟದ ಕಾಫಿ ಎಸ್ಟೇಟೊಂದರಲ್ಲಿ ಅಪ್ಪ ರೈಟರ್, ಆಳುಗಳ ಲೆಕ್ಕ ಬರೆಯುವ ಕೆಲಸ. ಹಾಜರಿ ಹಾಕಲು ಬೆಳಕು ಹರಿಯುವ ಮೊದಲೇ ಬೈಕಿನಲ್ಲಿ ಆಳುಗಳಿರುವ ಲೈನ್‌ಮನೆಗಳಿಗೆ ಹೋಗಬೇಕು. ದಾರಿಯಲ್ಲಿ ಆನೆ ಇದ್ದರೆ ಕೊಂಬೆ ಮುರಿಯುವ ಸದ್ದು ಅವರ ಕಿವಿಗೆ ಬೀಳಬೇಕು. ಅದಕ್ಕೇ ಜೂನ್‌ನಿಂದ ಆಗಸ್ಟ್‌ವರೆಗೆ ಭಾನುವಾರಗಳೆಲ್ಲ ಕೂತು, ಅವರ ಹಳೆಯ ಬೈಕಿಗೆ ಸದ್ದು ತಗ್ಗಿಸುವ ಸೈಲೆನ್ಸರ್ ಕಟ್ಟಿದೆ. ಮೊದಲ ನಾಲ್ಕು ಕೆಟ್ಟು, ಐದನೆಯದು ಸರಿಬಂತು.

ಸೆಪ್ಟೆಂಬರಿನ ಮೊದಲ ಶನಿವಾರ ಆ ಬೈಕಿನಲ್ಲಿ ಪೇಟೆಗೆ ಹೋದಾಗ ಪೊಲೀಸರು ತಡೆದರು. ಕಿವಿ ಹರಿಯುವಂತೆ ಕೂಗುವ ಸೈಲೆನ್ಸರ್‌ಗಳನ್ನು ಕಳಚಿಸಿ ರಸ್ತೆಯ ಮೇಲೆ ಸಾಲಾಗಿ ಇಡುತ್ತಿದ್ದರು.

“ಇದು ಕಂಪನಿದಾ?”

“ಅಲ್ಲ ಸಾರ್, ನಾನೇ ಮಾಡಿದ್ದು. ಸ್ಟಾರ್ಟ್ ಮಾಡಿ ಕೇಳಿ, ಕಂಪನಿದಕ್ಕಿಂತ ಸಣ್ಣ ಸದ್ದು.”

“ಸಂಗೀತ ಕೇಳಕ್ಕೆ ನಿಂತಿದೀನಾ ಮರಿ? ಕಂಪನಿದಲ್ಲ ಅಂದ್ಮೇಲೆ ಬಿಚ್ಚು.”

ನನ್ನ ಸ್ಪ್ಯಾನರಿನಿಂದಲೇ ಬಿಚ್ಚಿ ಕೊಟ್ಟೆ. ಪೊಲೀಸರು ತರಿಸಿದ್ದ ರೋಡ್ ರೋಲರ್ ಎಲ್ಲದರ ಮೇಲೂ ಒಂದೇ ಸಮನೆ ಹಾಯಿತು.

ಮನೆಯಲ್ಲಿದ್ದ ಹಳೆಯ ಸೈಲೆನ್ಸರನ್ನೇ ಮತ್ತೆ ಹಾಕಿದೆ. ಸೋಮವಾರ ಅಪ್ಪ ಕಿಕ್ ಹೊಡೆದರು.

“ಇರ್ಲಿ ಬಿಡೋ. ನಾನು ಬರೋದು ಆನೆಗೆ ಗೊತ್ತಾಗುತ್ತೆ. ಆನೆ ಬರೋದು ನಂಗೆ ಗೊತ್ತಾಗಲ್ಲ, ಅಷ್ಟೇ,” ಎಂದು ನಕ್ಕು ಹೊರಟರು.

ಗೇಟಿನಲ್ಲಿ ನಿಂತು ಕಿವಿಗೊಟ್ಟೆ. ಬೈಕಿನದ್ದು ಬಿಟ್ಟು ಬೇರೆ ಯಾವ ಸದ್ದೂ ಕೇಳಿಸಲಿಲ್ಲ.