ಓರೆ ಬೆಳಕಿನಲ್ಲಿ ಕಾಮಾಕ್ಷಮ್ಮನ ಕೇರಂ ಬೋರ್ಡು

ಕುಶಾಲನಗರದ ಸಂತೆಮಾಳದ ಹಿಂದಿರುವ ತಗಡಿನ ಶೆಡ್ಡಿನಲ್ಲಿ ಕಾಮಾಕ್ಷಮ್ಮ ಮಂಡಿಯೂರಿ ಕೂತಿದ್ದಾರೆ. ಮುಂದೆ ಹೊಸ ಕೇರಂ ಬೋರ್ಡು. ಕೆನ್ನೆ ಹಲಗೆಗೆ ತಾಗುವಷ್ಟು ಬಗ್ಗಿ, ಒಂದು ಕಣ್ಣು ಮುಚ್ಚಿ, ಮೂಡಲ ಬಾಗಿಲಿನ ಕಡೆ ನೋಡುತ್ತಾರೆ. ಹೊಳೆಯ ಮಂಜು ಇನ್ನೂ ಕರಗಿಲ್ಲ. ಆಚೆ ದಂಡೆಯ ಮರಗಳ ಸಂದಿಯಿಂದ ಸೂರ್ಯ ಇಣುಕಿದ್ದೇ ತಡ, ಹಲಗೆಯ ಮೇಲೆ ಬೆಳಕು ಓರೆಯಾಗಿ ಹಾಯುತ್ತದೆ. ಬೆರಳಿಗೆ ಸಿಗದ ಒಂದು ತಗ್ಗು ತೆಳ್ಳನೆಯ ನೆರಳಾಗಿ ಎದ್ದು ಕಾಣುತ್ತದೆ. ಕಾಮಾಕ್ಷಮ್ಮ ಸುತ್ತ ಸೀಮೆಸುಣ್ಣದ ಗೆರೆ ಎಳೆದು, ಉಪ್ಪುಕಾಗದ ಕೈಗೆತ್ತಿಕೊಳ್ಳುತ್ತಾರೆ.

“ಈ ಬೆಳಕು ಅರ್ಧ ಗಂಟೆ ಇರ್ತದೆ, ಅಷ್ಟೆಯ. ಹೊತ್ತೇರಿದ್ರೆ ಎಲ್ಲ ಬೋರ್ಡೂ ಸಮವಾಗೇ ಕಾಣ್ತವೆ. ಹೊತ್ತಾರೆ ಮಾತ್ರ ಅವು ಸುಳ್ಳು ಹೇಳಾಕಿಲ್ಲ,” ಎನ್ನುತ್ತಾರೆ.

ನಲವತ್ತನಾಲ್ಕರ ಕಾಮಾಕ್ಷಮ್ಮನ ಮನೆಯವರು ಹಾಸನದ ಕಡೆಯಿಂದ ಬಂದು ಇಲ್ಲಿ ನೆಲೆಯೂರಿದವರು. ಉಳಿ ಹಿಡಿದವರು ಮೊದಲು ಗಂಡ ಗುರುವಪ್ಪ. ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ವರ್ಷ ಮರ ಕೊಯ್ಯುವ ಮಿಲ್ಲೊಂದರಲ್ಲಿ ಅವರ ಬಲಗೈಯ ಮೂರು ಬೆರಳು ಹೋದವು. ಅಂದಿನಿಂದ ಉಳಿ, ಉಜ್ಜುಗೊರಡು ಎರಡೂ ಹೆಂಡತಿಯ ಕೈಗೆ ಬಂದವು. ಶುರುವಿನಲ್ಲಿ ಬಾಗಿಲಿಗೆ ಬಂದವರೆಲ್ಲ “ಆಚಾರಿ ಇಲ್ವಾ?” ಎಂದು ಒಳಗೆ ಇಣುಕುತ್ತಿದ್ದರಂತೆ. “ಇದ್ದೀನಿ, ಏನಾಗ್ಬೇಕು ಹೇಳಿ,” ಎಂದು ಈಕೆ ಗೊರಡು ಕೆಳಗಿಡದೆ ಕೇಳುತ್ತಿದ್ದರು.

ಈಗ ವರ್ಷಕ್ಕೆ ಹದಿನೆಂಟು ಬೋರ್ಡು ಈ ಶೆಡ್ಡಿನಿಂದ ಹೊರಡುತ್ತವೆ. ಒಂದೊಂದಕ್ಕೂ ಆರು ಸಲ ಪಾಲಿಶು, ನಲವತ್ತು ತಿರುಪುಮೊಳೆ. ಬಡಿಯುವ ಮೊಳೆ ಒಂದೂ ಇಲ್ಲ, ಗೋಂದಿನ ಒಂದು ಹನಿಯೂ ಇಲ್ಲ. ಹಲಗೆ ಚೌಕಟ್ಟಿನಲ್ಲಿ ಕೊರೆದ ಸೀಳಿನೊಳಗೆ ಸಡಿಲವಾಗಿ ಕೂರುತ್ತದೆ. ಮಳೆಗೆ ಹಿಗ್ಗಿದರೆ ಹಿಗ್ಗಲು ಜಾಗ, ಬೇಸಿಗೆಗೆ ಕುಗ್ಗಿದರೆ ಕುಗ್ಗಲು ಜಾಗ. ಚೌಕಟ್ಟು ಒಡೆದರೆ ಚೌಕಟ್ಟು ಮಾತ್ರ, ಮೂಲೆಯ ಬಲೆ ಹರಿದರೆ ಬಲೆ ಮಾತ್ರ ಬಿಚ್ಚಿ ಬದಲಾಯಿಸಬಹುದು.

ಆದ ಬೋರ್ಡನ್ನು ಪರೀಕ್ಷಿಸುವುದು ಗುರುವಪ್ಪನ ಕೆಲಸ. ಎಡಗೈಯಲ್ಲಿ ಸ್ಟ್ರೈಕರ್ ಹಿಡಿದು ಹೆಂಡತಿಯೊಡನೆ ಮೂರು ಆಟ ಆಡುತ್ತಾರೆ. “ಗೆದ್ದ ದಿನ ಬೋರ್ಡು ಭಾಳ ಚೆಂದಾಗೈತೆ ಅಂತಾರೆ. ಸೋತ್ರೆ, ಬೋರ್ಡು ಸೊಟ್ಟ!” ಎಂದು ಕಾಮಾಕ್ಷಮ್ಮ ನಗುತ್ತಾರೆ. ಗುರುವಪ್ಪ ಬಿಡುವವರಲ್ಲ: “ನೀನು ರಾಣಿ ಹೊಡೆಯೋವಾಗ ಮೊಣಕೈಲಿ ಬೋರ್ಡು ಅಲ್ಲಾಡಿಸ್ತೀಯಲ್ಲ, ಅದನ್ನೂ ಹೇಳು.”

ಈ ವರ್ಷದ ನಗೆಯ ಹಿಂದೆ ಒಂದು ಯೋಚನೆಯಿದೆ. ಮರ ಕೊಳ್ಳುವುದಾದರೆ ಶಿವರಾತ್ರಿಯೊಳಗೆ ಕೊಳ್ಳಬೇಕು. ಮಳೆ ಬಿದ್ದ ಮೇಲೆ ಕೊಂಡ ಮರ ಬೋರ್ಡಿಗೆ ಒದಗುವುದಿಲ್ಲ. ಮೈಸೂರಿನಿಂದ ಪೆಟ್ಟಿಗೆಯಲ್ಲಿಟ್ಟ ಸಿದ್ಧ ಬೋರ್ಡುಗಳು ಬಸ್ಸಿನಲ್ಲಿ ಬರತೊಡಗಿದ ಮೇಲೆ ಇಲ್ಲಿಗೆ ಬರುವವರು ಕಡಿಮೆಯಾಗಿದ್ದಾರೆ. ಹುದಿಕೇರಿಯ ಕಡೆಯ ಒಂದು ಎಸ್ಟೇಟಿಗೆ ಲೈನುಮನೆಗಳಲ್ಲಿರುವ ಕೆಲಸಗಾರರ ಆಟಕ್ಕೆಂದು ನಾಲ್ಕು ಬೋರ್ಡು ಬೇಕಂತೆ. ಆ ಕೆಲಸ ಸಿಕ್ಕರೆ ಶೆಡ್ಡು ನಡೆಯುತ್ತದೆ. ಸಿಗದಿದ್ದರೆ ಕಾಮಾಕ್ಷಮ್ಮ ಗುದ್ದಲಿ ಕಾವು ಕೆತ್ತಲು ಹೋಗಬೇಕು. ಅದೂ ಗಂಡನ ಬೆರಳು ಹೋದ ಆ ಮಿಲ್ಲಿಗೇ.

ಬಿಸಿಲು ಏರುವಷ್ಟರಲ್ಲಿ ಆ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಪೊನ್ನಪ್ಪ ಬಾಗಿಲಲ್ಲಿದ್ದಾರೆ. ಕಂಕುಳಲ್ಲಿ ಹೋದ ವರ್ಷ ಕೊಂಡ ಸಿದ್ಧ ಬೋರ್ಡು. ಅದರ ನಾಲ್ಕು ಮೂಲೆಯೂ ಮೇಲಕ್ಕೆ ಎದ್ದಿವೆ.

“ಇದೇನಣ್ಣ, ತೊಟ್ಟಿಲು ತಂದ್ರಾ? ಮನೇಲಿ ಮಗುವೇನು?”

“ತಮಾಷೆ ಬೇಡ ಅಕ್ಕ. ಮಳೆಗೆ ನಡುವಲ್ಲಿ ಉಬ್ಬಿತ್ತು. ಇಳಿಯಲೇ ಇಲ್ಲ. ಎಂಥ ಮಾಡುದು? ಕಾಫಿ ಒಣಗಿಸುವಾಗ ಕಣದಲ್ಲಿ ಒಟ್ಟಿಗೆ ಹಾಕಿದ್ದು.”

“ಕಾಫಿ ಜೊತೆಗಾ! ತಿರುವಿ ಹಾಕಿದ್ರೋ ಇಲ್ವೋ?”

“ದಿನಕ್ಕೆ ಎರಡು ಸಲ,” ಎನ್ನುತ್ತಾರೆ ಪೊನ್ನಪ್ಪ, ತಪ್ಪೊಪ್ಪಿಕೊಳ್ಳುವವರಂತೆ. ಗುರುವಪ್ಪ ಮುಖ ಆ ಕಡೆ ತಿರುಗಿಸಿ ನಗುತ್ತಾರೆ. ಕೊಡಗಿನಲ್ಲಿ ತೇವ ಹಿಡಿದ ಯಾವ ಸಾಮಾನಾದರೂ ಕಣದ ಬಿಸಿಲಿಗೆ ಬಿದ್ದರೆ ಸರಿಯಾಗುತ್ತದೆ ಎಂಬ ನಂಬಿಕೆ. ಅಂಟು ಹಾಕಿ ಬಿಗಿದ ಹಲಗೆಗೆ ಆ ಬಿಸಿಲು ಆಗಿಬರುವುದಿಲ್ಲ.

ಪೊನ್ನಪ್ಪ ಸುತ್ತಿಬಳಸದೆ ಕೇಳುತ್ತಾರೆ: “ಧಣಿ ನಾಲ್ಕು ತೆಗೆಯಲಿಕ್ಕೆ ಹೇಳಿದ್ದಾರೆ. ಪೆಟ್ಟಿಗೆಯದ್ದು ತೆಗೆಯುದಾ, ನಿಮ್ಮದಾ? ಇದ್ದದ್ದು ಇದ್ದ ಹಾಗೆ ಹೇಳಿ.”

ಕಾಮಾಕ್ಷಮ್ಮ ಕೈ ಒರೆಸಿಕೊಂಡು ಕೂರುತ್ತಾರೆ. ತಮ್ಮ ಸರಕನ್ನೇ ಹೊಗಳಬಹುದಿತ್ತು. ಹೊಗಳುವುದಿಲ್ಲ.

“ಪೆಟ್ಟಿಗೇದು ನಲವತ್ತೈದು ರೂಪಾಯಿ. ಇವತ್ತು ತಂದ್ರೆ ಇವತ್ತೇ ಆಟ. ಕಾಯಿ, ಸ್ಟ್ರೈಕರ್, ಪೌಡರ್ ಎಲ್ಲಾ ಅದರಲ್ಲೇ ಬರ್ತವೆ, ಯಾರ್ನೂ ಕೇಳಂಗಿಲ್ಲ. ನಂದು ಇಪ್ಪತ್ತೆಂಟು. ಎರಡು ತಿಂಗಳು ಕಾಯ್ಬೇಕು. ಕಾಯಿ ನೀವೇ ತರ್ಬೇಕು. ವರ್ಷಕ್ಕೆ ಪಾಲಿಶು, ಬಲೆ ಅಂತ ಮೂರು ರೂಪಾಯಿ. ಐದು ವರ್ಷಕ್ಕೆ ಕೂಡಿ ನೋಡಿ, ನಲವತ್ಮೂರು. ಹೆಚ್ಚುಕಮ್ಮಿ ಒಂದೇ.”

“ಹಾಗಾದ್ರೆ ಲಾಭ ಎಂಥದ್ದು?”

“ಆರನೇ ವರ್ಷದ್ದು ಕಣಣ್ಣ! ನಂದು ಆಗಲೂ ಇರ್ತದೆ. ಮೈಸೂರಲ್ಲಾದ್ರೆ ಅದೂ ಇದ್ದೀತು. ನಿಮ್ಮೂರ ಮಳೆಗೆ ತಡೆಯಾಕಿಲ್ಲ.”

ಪೊನ್ನಪ್ಪ ಗೋಡೆಗೆ ಒರಗಿಸಿಟ್ಟಿದ್ದ ಹೊಸ ಬೋರ್ಡನ್ನು ತಿರುಗಿಸಿ, ಕೆಳಗಿನ ತಿರುಪುಗಳನ್ನು ಮುಟ್ಟಿ ನೋಡುತ್ತಾರೆ. “ನಾಲ್ಕೂ ನಿಮ್ಮದೇ ಆಗಲಿ,” ಎನ್ನುತ್ತಾರೆ.

ಅಲ್ಲಿಗೆ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಆದರೆ ಕಾಮಾಕ್ಷಮ್ಮ ಕೇಳುತ್ತಾರೆ: “ನಿಮ್ಮೋರು ಮಡಿಕೇರಿ ಪಂದ್ಯಕ್ಕೆ ಹೋಗ್ತಾರಾ?”

“ಹೋಗ್ತಾರೆ. ನಮ್ಮ ಲೈನಿನ ಸಣ್ಣಸ್ವಾಮಿ ಹೋದ ಸಲ ಎರಡನೇ ಸುತ್ತಿಗೆ ಬಂದಿದ್ದ.”

“ಹಂಗಾದ್ರೆ ಒಂದು ಪೆಟ್ಟಿಗೇದೇ ತಗೊಳ್ಳಿ. ಪಂದ್ಯದಲ್ಲಿ ಇಡೋದು ಅದನ್ನೇ. ಅವೆಲ್ಲಾ ಒಂದೇ ಅಚ್ಚು, ಸ್ಟ್ರೈಕರ್ ಒಂದೇ ತರ ಓಡ್ತದೆ. ನನ್ನ ಒಂದೊಂದು ಬೋರ್ಡಿಗೂ ಒಂದೊಂದು ನಡೆ. ನಂದ್ರಲ್ಲೇ ಕೈ ಪಳಗಿಸ್ಕೊಂಡು ಅಲ್ಲಿ ಹೋಗಿ ಅವನು ಸೋಲಬಾರದು.”

“ಇಪ್ಪತ್ತೆಂಟು ರೂಪಾಯಿ ಬಾಯಾರೆ ಕಳೆದೆಯಲ್ಲೇ!” ಎಂದು ಗುರುವಪ್ಪ ಹಣೆ ಚಚ್ಚಿಕೊಳ್ಳುತ್ತಾರೆ. ಪೊನ್ನಪ್ಪ ಜೇಬಿನಿಂದ ಮುಂಗಡ ತೆಗೆದು ಬೆಂಚಿನ ಮೇಲಿಡುತ್ತಾರೆ: ಮೂರು ಬೋರ್ಡಿನದು, ಅರ್ಧಕ್ಕರ್ಧ. ಮರಕ್ಕೆ ಅಷ್ಟು ಸಾಕು. ಈ ವರ್ಷ ಮಿಲ್ಲಿನ ಗೇಟಿನ ಕಡೆ ಕಾಲಿಡಬೇಕಾಗಿಲ್ಲ.

ರೈಟರು ಹೋದ ಮೇಲೂ ಗುರುವಪ್ಪನ ಗೊಣಗಾಟ ನಿಂತಿಲ್ಲ. ಕಾಮಾಕ್ಷಮ್ಮ ತೊಟ್ಟಿಲಾದ ಬೋರ್ಡನ್ನು ಮಗುಚಿ ಹಾಕಿ, ಮೊಳೆಗಳನ್ನು ಒಂದೊಂದಾಗಿ ಇಕ್ಕಳದಿಂದ ಕೀಳತೊಡಗುತ್ತಾರೆ. ಹಲಗೆ ಹೋದರೂ ಚೌಕಟ್ಟು ಒಳ್ಳೆಯ ಮರದ್ದು. ಹೊಸ ಹಲಗೆ ಕೂರಿಸಿ, ತಿರುಪು ಹಾಕಿ ಹಿಂದಕ್ಕೆ ಕಳಿಸುತ್ತೇನೆ ಎಂದು ಪೊನ್ನಪ್ಪನಿಗೆ ಮಾತು ಕೊಟ್ಟಿದ್ದಾರೆ.

ಆಸೆ ಏನಾದರೂ ಉಂಟೇ ಎಂದರೆ, ಶೆಡ್ಡಿಗೆ ಮೂಡಲ ಕಡೆ ಇನ್ನೊಂದು ಕಿಟಕಿ ಬೇಕು ಎನ್ನುತ್ತಾರೆ. “ಆ ಬೆಳಕು ಇನ್ನೊಂದು ಗಳಿಗೆ ಜಾಸ್ತಿ ಸಿಗಲಿ ಅಂತ.”

ಮತ್ತೆ ಆ ಕಳೆದುಕೊಂಡ ನಾಲ್ಕನೆಯ ಬೋರ್ಡು? ಕಿತ್ತ ಮೊಳೆಯೊಂದನ್ನು ಡಬ್ಬಿಗೆ ಹಾಕುತ್ತಾ, ತಲೆಯೆತ್ತದೆ ಹೇಳುತ್ತಾರೆ:

“ಕಳ್ಕೊಂಡಿಲ್ಲ ಬಿಡಿ. ಪಂದ್ಯ ಮುಗೀಲಿ, ಒಂದು ಮಳೆಗಾಲ ಕಳೀಲಿ. ಆ ಪೆಟ್ಟಿಗೇದೂ ಇಲ್ಲಿಗೇ ಬರ್ತದೆ.”