ಬಚ್ಚಲುಮನೆಯಲ್ಲಿ ಚಳಿಗಾಲ ಕಳೆದ ಬಳ್ಳಿ

ನಾನು ಒಮ್ಮೆ ಒಂದು ಬಳ್ಳಿಗೆ ಸ್ವೆಟರ್ ತೊಡಿಸಿದ್ದೆ. ನಗಬೇಡಿ. ಬೇರೆಯವರು ನಂಬಿ ಒಪ್ಪಿಸಿ ಹೋದ ಜೀವವೊಂದು ದಿನಕ್ಕೊಂದು ಎಲೆಯಂತೆ ಸಾಯತೊಡಗಿದರೆ ನೀವೂ ಅದನ್ನೇ ಮಾಡುತ್ತಿದ್ದಿರಿ.

ಐವತ್ತರ ದಶಕದ ಮಾತು. ನಾನಾಗ ಹುಣಸೂರಿನಲ್ಲಿ ಹುಡುಗಿಯರಿಗೆ ಪಾಠ ಹೇಳುತ್ತಿದ್ದೆ. ಗೌರಮ್ಮನವರ ಮನೆಯ ಹಿತ್ತಿಲ ಕಡೆ ಎರಡು ಕೋಣೆಗಳಿದ್ದವು. ಒಂದರಲ್ಲಿ ನಾನು, ಇನ್ನೊಂದರಲ್ಲಿ ಆಸ್ಪತ್ರೆಯ ನರ್ಸು ಜಾನಕಿ. ಘಟ್ಟದಾಚೆಯ ಮಲಬಾರಿನವಳು. ಅವಳ ಕಿಟಕಿಯಲ್ಲಿ ಕುಂಡದೊಳಗೊಂದು ಬಳ್ಳಿ ಇತ್ತು. ಹೃದಯದಂಥ ಎಲೆ, ಹಸಿರಿನ ಮೇಲೆ ಯಾರೋ ಅರಿಸಿನ ಎರಚಿದಂತೆ ಹಳದಿ ಗೆರೆ. ಈಗ ಎಲ್ಲರೂ ಮನಿಪ್ಲಾಂಟ್ ಎನ್ನುತ್ತಾರೆ. ಆಗ ಆ ಹೆಸರು ನಮ್ಮ ಕಿವಿಗೆ ಬಿದ್ದಿರಲಿಲ್ಲ. ನಮಗದು ಬರೀ ಜಾನಕಿಯ ಬಳ್ಳಿ.

ಕಾರ್ತೀಕ ಮುಗಿಯುವ ಹೊತ್ತಿಗೆ, ತಾಯಿಗೆ ಮೈ ಸರಿಯಿಲ್ಲವೆಂದು ಅವಳಿಗೆ ಊರಿನಿಂದ ಕಾಗದ ಬಂತು. ಹ್ಯಾಂಡ್‌ಪೋಸ್ಟ್ ಊರಿನ ಮೇಲೆ ಮಲಬಾರಿನ ಕಡೆ ಹೋಗುವ ಬಸ್ಸಿಗೆ ಹೊರಟು ನಿಂತವಳು ಕುಂಡವನ್ನು ನನ್ನ ಕೈಗಿಟ್ಟಳು.

"ಟೀಚರೇ, ಇದು ನನ್ನ ಅಮ್ಮ ನೆಟ್ಟ ಬಳ್ಳಿಯ ತುಂಡು. ನೀರು ಹಾಕಿದರೆ ಸಾಕು, ಬೇರೆ ಏನೂ ಕೇಳೋದಿಲ್ಲ."

ಹಾಕಿದೆ! ಬೆಳಿಗ್ಗೆ ಹಾಕಿದೆ, ಸಂಜೆ ಹಾಕಿದೆ, ಶಾಲೆಯಿಂದ ಬಂದ ಖುಷಿಗೂ ಒಂದು ಚೊಂಬು ಹಾಕಿದೆ. ಅಷ್ಟರಲ್ಲಿ ಲಕ್ಷ್ಮಣತೀರ್ಥ ಹೊಳೆಯ ಕಡೆಯಿಂದ ಮಾರ್ಗಶಿರದ ಮಂಜು ಎದ್ದು ಬಂತು. ಒಂದು ಬೆಳಗ್ಗೆ ನೋಡಿದರೆ ತುದಿಯ ಎಲೆ ಬೇಯಿಸಿದ ಸೊಪ್ಪಿನಂತೆ ಜೋತು ಬಿದ್ದಿತ್ತು. ಮಾರನೆಯ ದಿನ ಇನ್ನೆರಡರ ಮೇಲೆ ಕರಿ ಮಚ್ಚೆ. ನಮ್ಮ ಕವಿಗಳು ಬಳ್ಳಿಯನ್ನು ಮಾವಿನ ಮರಕ್ಕೆ ಎಷ್ಟು ಸಲ ಮದುವೆ ಮಾಡಿಸಿದ್ದಾರೋ ಲೆಕ್ಕವಿಲ್ಲ. ಆದರೆ ಆ ಮದುಮಗಳಿಗೆ ಚಳಿಯಾದರೆ ಏನು ಮಾಡಬೇಕೆಂದು ಒಬ್ಬನಾದರೂ ಬರೆದಿದ್ದಾನೆಯೇ? ಹುಡುಗಿಯರಿಗೆ ಕಪ್ಪುಹಲಗೆಯ ಮೇಲೆ ಎಲೆಯ ಚಿತ್ರ ಬರೆದು ನರಗಳನ್ನು ಎಣಿಸಿ ತೋರಿಸುತ್ತಿದ್ದ ನನಗೂ ಗೊತ್ತಿರಲಿಲ್ಲ. ಹೀಗಾಗಿ ಅಣ್ಣನ ಮಗನಿಗೆಂದು ಹೆಣೆಯುತ್ತಿದ್ದ ಅರ್ಧ ಸ್ವೆಟರನ್ನು ತಂದು ಕುಂಡಕ್ಕೆ ತೊಡಿಸಿದೆ. ಅಳತೆ ಎಷ್ಟು ಸರಿಯಾಗಿ ಕೂತಿತೆಂದರೆ, ಅಣ್ಣನ ಮಗನಿಗೂ ಅಷ್ಟು ಚೆನ್ನಾಗಿ ಕೂರುತ್ತಿರಲಿಲ್ಲ. ಜೊತೆಗೆ ಇನ್ನೊಂದು ಚೊಂಬು ನೀರು.

ಗೌರಮ್ಮನವರ ತಮ್ಮ ನಂಜಪ್ಪನವರು ಬೆಟ್ಟದಪುರದ ಹತ್ತಿರ ವೀಳ್ಯದೆಲೆ ತೋಟ ಮಾಡಿದ್ದರು. ಅಕ್ಕನನ್ನು ನೋಡಲು ಬಂದವರು ಸ್ವೆಟರ್ ತೊಟ್ಟ ಕುಂಡವನ್ನು ಕಂಡು, ಸ್ವೆಟರನ್ನು ಮೆಲ್ಲಗೆ ಕೆಳಗೆ ಸರಿಸಿದರು. ಆಮೇಲೆ ಮಣ್ಣಿಗೆ ಬೆರಳಿಟ್ಟು ಮೂಸಿದರು.

"ಚಳಿ ಅರ್ಧ ಕೊಂದದೆ, ಉಳಿದರ್ಧ ನೀವೇ ಕೊಲ್ತಾ ಇದೀರಿ ಕಣ್ರವ್ವ. ಚಳೀಲಿ ಬೇರು ಮಲಗ್ಬುಡ್ತದೆ. ಮಲಗಿರೋರ ಬಾಯ್ಗೆ ನೀರು ಉಯ್ದ್ರೆ ಏನಾಯ್ತದೆ?"

ಕಾಂಡವನ್ನು ಉಗುರಿನಿಂದ ಗೀರುತ್ತಾ ಹೋದರು. ಕಂದು, ಕಂದು, ಕಂದು. ನಡುವೆ ಒಂದು ಕಡೆ ಹಸಿರು! ಚಾಕುವಿನಿಂದ ಅಷ್ಟನ್ನು ಕೊಯ್ದು, ಎಲೆಯೇ ಇಲ್ಲದ ಮೂರು ಗೆಣ್ಣುಗಳನ್ನು ಒಣಮಣ್ಣು ಮರಳು ಬೆರೆಸಿದ ಕುಂಡಕ್ಕೆ ಊರಿದರು.

"ಗೊಬ್ಬರ ಗಿಬ್ಬರ ಬ್ಯಾಡಿ. ಮೇಲ್ಮಣ್ಣು ಒಣಗಿದ್ ಮೇಲೆ ಒಂದು ಗುಟುಕು ಬೆಚ್ಚಗಿರೋ ನೀರು ಕೊಡಿ. ಗಾಳಿ ಬೀಸ್ಬಾರ್ದು, ಬೆಳಕಿರ್ಬೇಕು, ಬೆಚ್ಚಗಿರ್ಬೇಕು. ಅಂಥ ಜಾಗ ಅದಾ ಈ ಮನೇಲಿ?"

ಇತ್ತು. ಒಂದೇ ಒಂದು. ಬಚ್ಚಲುಮನೆ! ತಾಮ್ರದ ಹಂಡೆ, ಬೆಳಗಿನ ಒಲೆಯ ಕಾವು ಸಂಜೆಯವರೆಗೂ ಆರದ ಗೋಡೆ, ಮೇಲೊಂದು ಗಾಜಿನ ಬೆಳಕಿಂಡಿ. ಗೌರಮ್ಮನವರು ಮೊದಲು ಒಪ್ಪಲಿಲ್ಲ.

"ಬಚ್ಚಲಲ್ಲಿ ಗಿಡವಾ? ನಾವ್ ಎಲ್ಲಿ ನೀರ್ ಉಯ್ಕಳದು, ಪಡಸಾಲೇಲಾ?"

ತಮ್ಮ ನಕ್ಕಿದ್ದಕ್ಕೆ ಸೋತು ಒಲೆಯಿಂದ ಮಾರು ದೂರದ ಗೂಡನ್ನು ಬಿಟ್ಟುಕೊಟ್ಟರು. ವಾರದೊಳಗೆ ಅವರೇ ಕಾವಲುಗಾರ್ತಿ. ಸೀಗೆಪುಡಿಯ ನೀರು ಆ ಕಡೆ ಸಿಡಿದರೆ ಯಾರನ್ನೂ ಬಿಡುತ್ತಿರಲಿಲ್ಲ.

ಆದರೂ ಒಂದು ಗೆಣ್ಣು ಕೊಳೆಯಿತು. ಹತ್ತು ದಿನಕ್ಕೆ ಇನ್ನೊಂದು. ಉಳಿದದ್ದು ನನ್ನ ಕಿರುಬೆರಳಿನಷ್ಟು ಕಡ್ಡಿ. ಆ ವಾರವೇ ಜಾನಕಿಯ ಕಾರ್ಡು ಬಂತು. ಅಮ್ಮ ಹೋಗಿಬಿಟ್ಟರು, ಕರ್ಮಗಳು ಮುಗಿದ ಮೇಲೆ ಬರುತ್ತೇನೆ ಎಂದು ಬರೆದಿದ್ದಳು. ಕೊನೆಗೆ ಒಂದೇ ಸಾಲು: ಬಳ್ಳಿ ಹೇಗಿದೆ?

ಉತ್ತರ ಬರೆಯಲು ಮೂರು ಸಲ ಕೂತೆ, ಮೂರು ಸಲ ಎದ್ದೆ. ಅಮ್ಮ ನೆಟ್ಟದ್ದರಲ್ಲಿ ಒಂದು ಕಡ್ಡಿ ಉಳಿಸಿದ್ದೇನೆ ಎಂದು ಯಾವ ಕೈಯಲ್ಲಿ ಬರೆಯಲಿ?

ಭಾನುವಾರ ಮೈತುಂಬ ಹರಳೆಣ್ಣೆ ಹಚ್ಚಿಕೊಂಡು ಮಣೆಯ ಮೇಲೆ ಕೂತಿದ್ದೆ. ಕಣ್ಣಿಗಿಳಿದ ಎಣ್ಣೆ ಒರೆಸಿ ಗೂಡಿನ ಕಡೆ ನೋಡುತ್ತೇನೆ, ಗೆಣ್ಣಿನ ಪಕ್ಕದಲ್ಲಿ ಅಕ್ಕಿಕಾಳಿನಷ್ಟು ಹಸಿರು! ಮುಟ್ಟಿ ನೋಡಿದೆ. ಪಾಚಿಯಲ್ಲ, ಚಿಗುರು! ಹಳೇ ಸೀರೆ ಸುತ್ತಿಕೊಂಡು, ಎಣ್ಣೆ ಸುರಿಸುತ್ತಾ ಅಂಗಳಕ್ಕೆ ಓಡಿದೆ.

"ಗೌರಮ್ಮನೋರೇ! ಬಂತು! ಬಂದುಬಿಡ್ತು!"

ಅವರು ಪೊರಕೆ ಹಿಡಿದು ಓಡಿಬಂದರು. "ಎಲ್ಲಿ ಎಲ್ಲಿ, ಆವಾ ಚೇಳಾ?"

ತೋರಿಸಿದೆ. ಅವರು ಬಗ್ಗಿ ನೋಡಿ, ಪೊರಕೆಯನ್ನು ಅಲ್ಲೇ ಬಿಟ್ಟು, ನನ್ನ ಎಣ್ಣೆಗೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು. "ಅವ್ವಯ್ಯಾ, ಬದುಕ್ಕತ್ತು ಕಣ್ ಟೀಚರಮ್ಮ!" ಮೂರು ಹೆರಿಗೆ ಕಂಡ ಆ ಹೆಂಗಸು, ಹೆರಿಗೆಯನ್ನೇ ಕಾಣದ ನಾನು, ಇಬ್ಬರೂ ಬಾಣಂತಿಯರಂತೆ ಕುಂಡದ ಮುಂದೆ ಕೂತುಬಿಟ್ಟೆವು. ಹಂಡೆಯ ನೀರು ಕುದಿದು ಕುದಿದು ಅರ್ಧವಾಯಿತು.

ಸಂಕ್ರಾಂತಿ ಕಳೆದ ಮೇಲೆ ಒಂದು ಮಧ್ಯಾಹ್ನ ಜಾನಕಿ ಬಂದಳು. ಮುಖ ಇಳಿದುಹೋಗಿತ್ತು. ಅವಳನ್ನು ಬಚ್ಚಲಿಗೆ ಕರೆದುಕೊಂಡು ಹೋಗಿ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಒಪ್ಪಿಕೊಂಡೆ.

"ಕಿಟಕಿ ತುಂಬ ಇದ್ದ ಬಳ್ಳಿ ಕೊಟ್ಟು ಹೋದಿರಿ. ಎರಡೇ ಎಲೆ ಇದೆ. ತಪ್ಪು ನನ್ನದು."

ಅವಳು ಮಣೆಯ ಮೇಲೆ ಕೂತು ಎಲೆಯನ್ನು ಬೆರಳ ತುದಿಯಿಂದ ಸವರಿದಳು. ಆಮೇಲೆ ನಕ್ಕಳು.

"ನನ್ನ ಅಮ್ಮನೂ ಹೀಗೆಯೇ ಟೀಚರೇ. ಧನುರ್ಮಾಸ ಬಂದರೆ ಬಿಸಿನೀರಿನ ಒಲೆ ಮುಂದಿನಿಂದ ಏಳಿಸೋಕೆ ಆಗ್ತಾ ಇರಲಿಲ್ಲ." ನಗು ಮುಗಿಯುವ ಮೊದಲೇ ಅವಳ ಕಣ್ಣು ತುಂಬಿ ಹರಿಯಿತು.

ಗೌರಮ್ಮನವರು ಬಾಗಿಲಲ್ಲಿ ನಿಂತಿದ್ದರು. "ಒಗೆ ಜಾಸ್ತಿ ಆಯ್ತಾ ಜಾನಕವ್ವ?" ಎಂದರು ಮೆಲ್ಲಗೆ.

"ಹೂಂ, ಹೊಗೆ," ಎಂದಳು ಜಾನಕಿ.

ಬೆಳಗಿನ ಒಲೆ ಆರಿ ಆಗಲೇ ಆರೇಳು ತಾಸು ಕಳೆದಿತ್ತು. ಆದರೂ ನಾವು ಮೂವರೂ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ, ಹಾಳು ಹೊಗೆ ಹಾಳು ಹೊಗೆ ಎಂದು ಅದನ್ನೇ ಬೈದೆವು.